ಉದಾಸ, ಉದಾಸೀನ

ಮುಂಬೈಯ ಮಲಾಡಿನ ನನ್ನ ಕೋಣೆಯಲ್ಲಿ ಒಂದು ಮಂಚವಿದೆ. ಮಂಚದ ತಲೆದಿಂಬಿನ ಹಿಂದೆ, ಮಲಗಿದವರ ಕಣ್ಣಿಗೆ ಬೀಳದ ಹಾಗೆ, ನನ್ನ ಕುರ್ಚಿ. ಬಂದವರು ಮಲಗಿ ಮನಸ್ಸಿಗೆ ತೋಚಿದ್ದನ್ನು ಹೇಳುತ್ತಾರೆ. ನಾನು ಕೇಳುತ್ತೇನೆ, ಆಗೀಗ ಒಂದು ಮಾತು ಆಡುತ್ತೇನೆ, ಐವತ್ತು ನಿಮಿಷ ಆದ ಕೂಡಲೇ ನಿಲ್ಲಿಸುತ್ತೇನೆ. ಇದಕ್ಕೆ ಮನೋವಿಶ್ಲೇಷಣೆ ಎಂಬ ದೊಡ್ಡ ಹೆಸರು. ಇಷ್ಟು ಮಾಡ್ಲಿಕ್ಕೆ ಅಷ್ಟು ವರ್ಷ ಓದಬೇಕಿತ್ತಾ ಎಂದು ನನ್ನ ಅತ್ತಿಗೆ ಈಗಲೂ ಕೇಳುತ್ತಾಳೆ.

ಈ ವಿದ್ಯೆ ಕಲಿಯಬೇಕೆನ್ನುವವರು ಮೊದಲು ತಾವೇ ಆ ಮಂಚದ ಮೇಲೆ ಮಲಗಬೇಕು. ವಾರಕ್ಕೆ ನಾಲ್ಕು ದಿನದಂತೆ ಕೆಲವು ವರ್ಷ ತಮ್ಮ ಮನಸ್ಸನ್ನು ಇನ್ನೊಬ್ಬರ ಮುಂದೆ ಬಿಚ್ಚಿಡಬೇಕು. ಆಮೇಲೆಯೇ ಬೇರೆಯವರ ಮಾತು ಕೇಳುವ ಅರ್ಹತೆ. ಪರವೂರಿನವರಿಗೆ ವಾರಕ್ಕೆ ನಾಲ್ಕು ದಿನ ಮುಂಬೈಗೆ ಬರುವುದು ಆಗುವ ಹೋಗುವ ಮಾತೇ? ಅಂಥವರಿಗಾಗಿ ಒಂದು ವ್ಯವಸ್ಥೆ ಇದೆ. ಆಗಾಗ ಬಂದು ಕೆಲವು ದಿನ ಇದ್ದು, ದಿನಕ್ಕೆ ಎರಡು ಗಂಟೆಯಂತೆ ಒಟ್ಟಿಗೆ ಮುಗಿಸಿಕೊಂಡು ಹೋಗುವುದು. ಈ ಬರಹ ಅಂಥ ಒಂದು ವರ್ಷದ್ದು, ಅದರಲ್ಲಿ ನಾನು ಮಾಡಿದ ಒಂದು ತಪ್ಪಿನದ್ದು.

ವಿಜಯಪುರದ ಕಡೆಯ ಒಬ್ಬ ಮನೋವೈದ್ಯರು ನನಗೆ ಫೋನ್ ಮಾಡಿದ್ದರು. ನಲವತ್ತರ ಆಸುಪಾಸು. ಸ್ವಂತ ಕ್ಲಿನಿಕ್ಕು, ತುಂಬಾ ಪೇಶಂಟುಗಳು, ಮಾತ್ರೆ ಬರೆದು ಬರೆದು ಸಾಕಾಗಿತ್ತಂತೆ. ಇಂಗ್ಲಿಷಿನಲ್ಲಾದರೆ ದಕ್ಷಿಣ ಮುಂಬೈಯಲ್ಲಿ ನನಗಿಂತ ಒಳ್ಳೆಯವರಿದ್ದಾರೆ, ಅವರ ನಂಬರು ಕೊಡುತ್ತೇನೆ ಎಂದೆ.

"ಮೇಡಂರ, ನನ್ನ ಪೇಶಂಟ್ ಎಲ್ಲಾರೂ ಕನ್ನಡದಾಗ ಅಳ್ತಾರ್ರಿ. ನಾ ಇಂಗ್ಲಿಷ್‌ದಾಗ ಕಲ್ತು ಏನ್ ಮಾಡ್ಲಿ?" ಎಂದರು.

ಆ ಒಂದು ಮಾತಿಗೆ ನಾನು ಬಿದ್ದುಹೋದೆ. ಮೂವತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಜನ ನನ್ನ ಮಂಚದ ಮೇಲೆ ಇಂಗ್ಲಿಷಿನಲ್ಲಿ ಅತ್ತಿದ್ದಾರೆ, ಹಿಂದಿಯಲ್ಲಿ, ಮರಾಠಿಯಲ್ಲಿ, ಗುಜರಾತಿ ಬೆರೆತ ಹಿಂದಿಯಲ್ಲಿ ಅತ್ತಿದ್ದಾರೆ. ಕನ್ನಡದಲ್ಲಿ ಒಬ್ಬರೂ ಅತ್ತಿರಲಿಲ್ಲ. ನಾನು ಮಾಟುಂಗದಲ್ಲಿ ಬೆಳೆದವಳು. ಅಪ್ಪ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು, ಮನೆಯಲ್ಲಿ ಕನ್ನಡವೂ ತುಳುವೂ. ಅಮ್ಮ ಹೋದ ಮೇಲೆ ಮನೆಯಲ್ಲೂ ಅದು ನಿಂತಿತು. ಅಣ್ಣನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ನನಗೆ ಕನ್ನಡ ಕೇಳುವ ಹಸಿವು ಇತ್ತು. ಕಲಿಸುವವಳಿಗೆ ಇಂಥ ಹಸಿವು ಇರಬಾರದು. ಇದ್ದದ್ದನ್ನು ಇಲ್ಲ ಎಂದು ಬರೆದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ತರಬೇತಿ ಸಮಿತಿ ಅಳೆದೂ ಸುರಿದೂ ಒಂದು ವರ್ಷದ ಪರೀಕ್ಷಾರ್ಥ ಒಪ್ಪಿಗೆ ಕೊಟ್ಟಿತು. ಐದು ವಾರಕ್ಕೊಂದು ಸುತ್ತು. ಒಂದು ಸುತ್ತೆಂದರೆ ಸೋಮವಾರದಿಂದ ಶನಿವಾರ, ಬೆಳಗ್ಗೆ ಏಳೂವರೆ ಮತ್ತು ಸಂಜೆ ನಾಲ್ಕೂವರೆ, ಒಟ್ಟು ಹನ್ನೆರಡು ಗಂಟೆಗಳು. ಒಂದು ಸುತ್ತು ಪೂರ್ತಿ ತಪ್ಪಿದರೆ ವ್ಯವಸ್ಥೆ ಅಲ್ಲಿಗೇ ರದ್ದು, ಅವರ ತರಬೇತಿಯೂ ಮುಗಿಯಿತು. ಮಂಚದ ಮೇಲೆ ಆಡಿದ ಮಾತು ಸಮಿತಿಗೆ ಹೋಗುವಂತಿಲ್ಲ. ಅವರು ಬಂದ ದಿನ, ಬಾರದ ದಿನ ಇಷ್ಟನ್ನೇ ನಾನು ತಿಳಿಸಬೇಕು. ಇಲ್ಲಿಯೂ ಅವರ ಕಥೆ ಬರುವುದಿಲ್ಲ. ಬಂದಿರುವ ಕೆಲವು ಮಾತುಗಳನ್ನು ಅವರೇ ಓದಿ, ಇಟ್ಟುಕೊಳ್ಳಿ ಎಂದಿದ್ದಾರೆ.

ಅವರು ಭಾನುವಾರ ಬಸ್ಸು ಹತ್ತಿ ಬೊರಿವಲಿಯ ಅಕ್ಕನ ಮನೆಗೆ ಬರುತ್ತಿದ್ದರು. ನನ್ನ ಮನೆಯೂ ಬೊರಿವಲಿಯಲ್ಲೇ. ವಿಶ್ಲೇಷಕಿಯೂ ಮಂಚದ ಮೇಲೆ ಮಲಗುವವರೂ ಹೊರಗೆ ಎದುರುಬದುರಾಗಬಾರದು ಎಂಬುದು ನಮ್ಮಲ್ಲಿ ಮಡಿಯಷ್ಟೇ ಗಟ್ಟಿಯಾದ ನಿಯಮ. ಹಾಗಾಗಿ ಮೊದಲ ದಿನವೇ ಲೋಕಲ್ ರೈಲುಗಳನ್ನು ಹಂಚಿಕೊಂಡೆವು. ನಾನು ಆರೂ ನಲವತ್ತರದ್ದು, ಅವರು ಏಳು ಗಂಟೆಯದ್ದು. ಒಂದೇ ಊರಿನ ಒಂದೇ ಸ್ಟೇಷನ್ನಿನಿಂದ ಹೊರಟು, ಎರಡೇ ಸ್ಟೇಷನ್ ದಾಟಿ, ಒಬ್ಬರನ್ನೊಬ್ಬರು ನೋಡದೆ ಒಂದೇ ಕೋಣೆಗೆ ಬಂದು ಸೇರುವುದು. ಹೊರಗಿನವರು ಇದನ್ನು ಕೇಳಿದರೆ ಬೇರೆಯೇ ಏನೋ ಅಂದುಕೊಂಡಾರು.

ಕೋಣೆಯಿರುವ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರು ಇಟ್ಟಿರುತ್ತಾನೆ. ಅದರಲ್ಲಿ ಅವರು ತಮ್ಮ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು. ಯಾರಿಗೂ ಓದಲಾಗದ ಆ ಸಾಲು ನನಗೆ ಮಾತ್ರ ಓದಲು ಬರುತ್ತಿತ್ತು. ಸಂಜೆ ಮನೆಗೆ ಹೊರಟಾಗ ಒಮ್ಮೆ ಅದರ ಮೇಲೆ ಕಣ್ಣಾಡಿಸುವುದು ಅಭ್ಯಾಸವಾಯಿತು.

ಮೊದಲ ಎರಡು ಸುತ್ತುಗಳಲ್ಲಿ ನಮಗೆ ತಿಳಿದದ್ದು ಇದು: ಸೋಮವಾರ ಬರೀ ಬಸ್ಸಿನ ಮಾತು, ಸೊಂಟನೋವಿನ ಮಾತು. ಮಂಗಳವಾರ ಹಿಂದಿನ ಸಲ ಎಲ್ಲಿ ಬಿಟ್ಟಿದ್ದೆವು ಎಂದು ಹುಡುಕುವುದು. ಬುಧವಾರ, ಗುರುವಾರ ನಿಜವಾದ ಕೆಲಸ. ಶುಕ್ರವಾರ ಆಗಲೇ ಅವರ ದನಿ ಗಂಟುಮೂಟೆ ಕಟ್ಟಲು ಶುರುಮಾಡುತ್ತಿತ್ತು. ಶನಿವಾರ ಸಂಜೆ ಐದೂ ಇಪ್ಪತ್ತಕ್ಕೆ ಎದ್ದು, ಬಾಗಿಲಲ್ಲಿ ಶೂ ಹಾಕಿಕೊಂಡು, "ಬರ್ತೀನ್ರಿ ಮೇಡಂ" ಎನ್ನುತ್ತಿದ್ದರು. ಆಮೇಲೆ ನಾಲ್ಕು ವಾರ ಏನೂ ಇಲ್ಲ.

ಆ ನಾಲ್ಕು ವಾರಗಳ ಬಗ್ಗೆ ಅವರೇ ಒಮ್ಮೆ ಕೇಳಿದ್ದರು. "ನಡುವ ನಡುವ ಫೋನ್ ಮ್ಯಾಲೆ ಮಾತಾಡಾಕ ಬರೂದಿಲ್ಲೇನ್ರಿ?"

ಬರುವುದಿಲ್ಲ ಎಂದೆ. ಈಗ ಅನೇಕರು ವಿಡಿಯೋದಲ್ಲಿ ಮಾಡುತ್ತಾರೆ, ಸಮಿತಿಯೂ ಬೇಡವೆಂದಿರಲಿಲ್ಲ. ಬೇಡವೆಂದವಳು ನಾನೇ. ಫೋನಿನಲ್ಲಿ ಮೌನ ಕೇಳಿಸುವುದಿಲ್ಲ, ನೆಟ್‌ವರ್ಕ್ ಹೋಯಿತೋ ಅಳು ಬಂತೋ ಗೊತ್ತಾಗುವುದಿಲ್ಲ ಎಂಬುದು ನನ್ನ ವಾದ. ಅಂತರ ಇದ್ದರೆ ಇರಲಿ, ಅದನ್ನು ಅನುಭವಿಸುವುದೂ ಕಲಿಕೆಯೇ ಎಂದು ಬೇರೆ ದೊಡ್ಡ ಮಾತು ಆಡಿದ್ದೆ. ನಾನೂ ಹೀಗೇ ಕಲಿತವಳಲ್ಲವೇ. ವರ್ಷಕ್ಕೆ ಎರಡು ಸಲ, ಎರಡೆರಡು ತಿಂಗಳು ಸಮುದ್ರದಾಚೆಯ ಒಂದು ಚಳಿಯ ಊರಿಗೆ ಹೋಗಿ, ಇಂಗ್ಲಿಷಿನಲ್ಲಿ ಮಲಗಿ, ಇಂಗ್ಲಿಷಿನಲ್ಲಿ ಎದ್ದು ಬರುತ್ತಿದ್ದೆ. ನಾನು ತಾಳಿಕೊಂಡದ್ದನ್ನು ಇನ್ನೊಬ್ಬರೂ ತಾಳಿಕೊಳ್ಳಲಿ ಎನ್ನುವ ಹಟ ಒಂದು ಇರುತ್ತದೆ. ಅತ್ತೆಯರಲ್ಲಿ ಇರುತ್ತದೆ, ಗುರುಗಳಲ್ಲೂ ಇರುತ್ತದೆ.

ಇನ್ನು ಭಾಷೆಯ ಮಾತು. ಕನ್ನಡ ಎಂದು ಇಬ್ಬರೂ ಖುಷಿಪಟ್ಟದ್ದು ಸರಿ. ಆದರೆ ಅವರದ್ದು ಅಲ್ಲಿಯ ಕನ್ನಡ, ನನ್ನದು ಕರಾವಳಿಯಿಂದ ಬಂದು ಮಾಟುಂಗದಲ್ಲಿ ಉಳಿದುಹೋದ ಕನ್ನಡ. ಅವರು ಕಳ್ಳು ಎಂದರೆ ಕರುಳು ಎಂದು ನನಗೆ ಮೂರನೆಯ ದಿನ ತಿಳಿಯಿತು. ಅಲ್ಲಿಯ ತನಕ ಶೇಂದಿ ಅಂಗಡಿ ಯಾಕೆ ಬಂತೆಂದು ತಲೆ ಕೆಡಿಸಿಕೊಂಡಿದ್ದೆ. ಹಳಹಳಿ, ತ್ರಾಸ, ಸಾವಕಾಶ ಎಂದು ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರ ಮಾತುಗಳ ಪಟ್ಟಿ ಬೆಳೆಯಿತು. ಗೊತ್ತಿಲ್ಲದ್ದನ್ನು ಸಂಕೋಚವಿಲ್ಲದೆ ಕೇಳುತ್ತಿದ್ದೆ, ಅವರು ವಿವರಿಸುತ್ತಿದ್ದರು, ಆ ವಿವರಣೆಯಲ್ಲೇ ಎಷ್ಟೋ ಸಂಗತಿ ಹೊರಗೆ ಬರುತ್ತಿತ್ತು. ನನಗೆ ಅದು ಹೆಮ್ಮೆಯಾಗಿತ್ತು. ಗೊತ್ತಿದ್ದ ಮಾತೇ ಕೈಕೊಡಬಹುದೆಂದು ನನಗೆ ಹೊಳೆಯಲಿಲ್ಲ.

ಉದಾಸೀನ ಎಂಬ ಮಾತು ನನಗೆ ಹುಟ್ಟಿನಿಂದ ಗೊತ್ತು. ನಮ್ಮ ಕಡೆ ಅದಕ್ಕೆ ಸೋಮಾರಿತನ ಎಂದರ್ಥ. ಕೆಲಸಕ್ಕೆ ಮೈ ಬಗ್ಗದಿರುವುದು. ಬೆಳಗ್ಗೆ ಸ್ಕೂಲಿಗೆ ಏಳದಿದ್ದರೆ ಅಮ್ಮ ಹೊದಿಕೆ ಎಳೆದು, "ಎಂಥ ಉದಾಸೀನ ಮಾರಾಯ್ತಿ ನಿಂದು! ಏಳು!" ಎನ್ನುತ್ತಿದ್ದಳು. ಮುಂದೆ ನಾನು ವಿದೇಶಕ್ಕೆ ಹೋಗಿ ಬರುತ್ತಿದ್ದ ವರ್ಷಗಳಲ್ಲಿ ಅದೇ ಮಾತು ಅವಳ ಬಾಯಿಯಲ್ಲಿ ತಿರುಗಿತು. ಭಾನುವಾರ ಮಾಟುಂಗದ ಮನೆಗೆ ಫೋನ್ ಮಾಡಿ ಎಂಥ ಮಾಡ್ತಾ ಇದ್ದಿ ಎಂದರೆ, "ಎಂಥದೂ ಇಲ್ಲ. ಎಲ್ಲದಕ್ಕೂ ಉದಾಸೀನ ಆಗ್ತದೆ" ಎನ್ನುವಳು. "ಉದಾಸೀನ ಮಾಡಿ ಕೂರ್ಬೇಡ ಅಮ್ಮ, ಸಂಜೆ ದೇವಸ್ಥಾನದ ತನಕ ನಡ್ಕೊಂಡು ಹೋಗು" ಎಂದು ನಾನು ಬೈಯುವೆ. ಬೈದು ಸೇಡು ತೀರಿಸಿಕೊಂಡ ಖುಷಿಯಲ್ಲಿ ಫೋನ್ ಇಡುತ್ತಿದ್ದೆ.

ಐದನೆಯ ಸುತ್ತಿನ ಕೊನೆಯ ಗಂಟೆ. ಶನಿವಾರ ಸಂಜೆ. ಪಕ್ಕದ ಫ್ಲಾಟಿನಲ್ಲಿ ಯಾರೋ ಗೋಡೆಗೆ ಡ್ರಿಲ್ ಹೊಡೆಯುತ್ತಿದ್ದರು. ಅರ್ಧ ಗಂಟೆ ಏನೇನೋ ಹೇಳಿದ ಮೇಲೆ ಅವರು ಮೆಲ್ಲಗೆ ಹೇಳಿದರು.

"ಶನಿವಾರ ಬಂತಂದ್ರ ಉದಾಸ ಆಕ್ಕೈತ್ರಿ. ಯಾಕರ ಇಲ್ಲಿತನಕ ಬರಬೇಕು ಅನಸ್ತೈತಿ."

ಅವರು ಮಾತಿನ ಬಾಲ ಕತ್ತರಿಸುವುದು ನನಗೆ ರೂಢಿಯಾಗಿತ್ತು. ಕತ್ತರಿಸಿದ ಬಾಲವನ್ನು ನಾನೇ ಅಂಟಿಸಿಕೊಂಡೆ. ಉದಾಸೀನ. ಬರಲಿಕ್ಕೆ ಸೋಮಾರಿತನ. ತರಬೇತಿಯಲ್ಲಿರುವವರಿಗೆ ಒಂದು ಹಂತದಲ್ಲಿ ಹಾಗನ್ನಿಸುವುದು ಸಹಜ, ಅದನ್ನು ಎತ್ತಿ ತೋರಿಸುವುದು ನನ್ನ ಕೆಲಸ. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ.

"ಇಲ್ಲಿಗೆ ಬರ್ಲಿಕ್ಕೆ ನಿಮಗೆ ಉದಾಸೀನ. ಇಷ್ಟು ದೂರ ಬಂದು ಮಾಡುವ ಕೆಲಸವನ್ನು ಬೇರೆ ಯಾರಾದ್ರೂ ಮಾಡಿ ಕೊಟ್ರೆ ಒಳ್ಳೆದಿತ್ತು ಅಂತ ಉಂಟೇನೋ ಮನಸ್ಸಿನಲ್ಲಿ."

ಅವರು ಮತ್ತೆ ಬಾಯಿ ಬಿಡಲಿಲ್ಲ. ಹದಿನೇಳು ನಿಮಿಷ. ನಾನು ಆ ಮೌನವನ್ನೂ ತಪ್ಪಾಗಿಯೇ ಓದಿದೆ. ಮಾತು ಸರಿಯಾದ ಜಾಗಕ್ಕೆ ತಾಗಿದೆ ಎಂದುಕೊಂಡೆ. ಐದೂ ಇಪ್ಪತ್ತಕ್ಕೆ ಎದ್ದರು, ಶೂ ಹಾಕಿಕೊಂಡರು, "ಆತ್ರಿ" ಎಂದು ಹೋದರು. ಬರ್ತೀನಿ ಎನ್ನಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅದು ಗಮನಕ್ಕೆ ಬಂತು. ಬಸ್ಸಿಗೆ ತಡವಾಯಿತೇನೋ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡು ನೋಟ್‌ಬುಕ್ಕಿನಲ್ಲಿ ಆ ಗಂಟೆಯ ಟಿಪ್ಪಣಿ ಬರೆದೆ.

ದಿನಾ ಬರುವವರಾದರೆ ಇದು ದೊಡ್ಡ ಸಂಗತಿಯಲ್ಲ. ಇವತ್ತು ತಪ್ಪಿದ ಮಾತು ನಾಳೆ ಬೆಳಗ್ಗೆ ತಾನಾಗಿ ತಿರುಗಿ ಬರುತ್ತದೆ. ಸಿಟ್ಟಿನಲ್ಲಿ ಬರುತ್ತಾರೆ, ತಡವಾಗಿ ಬರುತ್ತಾರೆ, ಹೇಗೋ ಬರುತ್ತಾರೆ, ಜಗಳವಾಡಿ ಸರಿಮಾಡಿಕೊಳ್ಳಬಹುದು. ಇಲ್ಲಿ ನಾಳೆ ಎಂಬುದು ನಾಲ್ಕು ವಾರದಾಚೆ ಇತ್ತು. ನಡುವೆ ಫೋನಿನ ದಾರಿಯನ್ನು ನಾನೇ ಮುಚ್ಚಿಟ್ಟಿದ್ದೆ.

ಆರನೆಯ ಸುತ್ತಿನ ಸೋಮವಾರ ನಾನು ಆರೂ ನಲವತ್ತರ ಲೋಕಲ್ ಹಿಡಿದು ಬಂದು, ಮಂಚದ ಮೇಲೆ ಹೊಸ ಹೊದಿಕೆ ಹಾಸಿ, ಕುರ್ಚಿಯಲ್ಲಿ ಕೂತೆ. ಏಳೂವರೆ ಆಯಿತು, ಎಂಟಾಯಿತು, ಎಂಟೂ ಇಪ್ಪತ್ತಾಯಿತು. ಬರಲಿಲ್ಲ. ಮೆಸೇಜೂ ಇಲ್ಲ. ಬಾರದವರನ್ನು ಹಿಂಬಾಲಿಸಬಾರದು, ಆದರೆ ಅವರ ಗಂಟೆಯನ್ನು ಬೇರೆ ಯಾರಿಗೂ ಕೊಡಬಾರದು. ಐವತ್ತು ನಿಮಿಷ ಅವರಿಗಾಗಿ ಕೂತಿರಬೇಕು. ಕೂತೆ. ಸಂಜೆ ನಾಲ್ಕೂವರೆಯ ಗಂಟೆಗೂ ಹಾಗೇ ಕೂತೆ. ಹೋಗುವಾಗ ರಿಜಿಸ್ಟರು ನೋಡಿದೆ. ಕೊರಿಯರ್, ಗ್ಯಾಸ್, ಮೂರನೆಯ ಮಹಡಿಯ ಟ್ಯೂಷನ್ ಟೀಚರು. ಕನ್ನಡದ ಸಾಲಿರಲಿಲ್ಲ.

ಮಂಗಳವಾರವೂ ಹಾಗೇ. ಖಾಲಿ ಮಂಚ ನೋಡುತ್ತಾ ಕೂರುವುದು ಎಷ್ಟು ಕಷ್ಟ ಎಂದು ನನಗೆ ಅಷ್ಟು ವರ್ಷದ ಕೆಲಸದಲ್ಲಿ ತಿಳಿದಿರಲಿಲ್ಲ. ನನಗೆ ಆ ದನಿ ಬೇಕಾಗಿತ್ತು. "ಹೌದಲ್ರಿ", "ಏನ್ ಹೇಳೂದ್ರಿ" ಎನ್ನುವ ಆ ಎಳೆದ ರೀ ಬೇಕಾಗಿತ್ತು. ಸಮಿತಿಗೆ ಏನು ಬರೆಯುವುದು ಎಂಬ ಚಿಂತೆಗಿಂತ ಅದು ಹೆಚ್ಚು ಕಾಡಿತು. ಶನಿವಾರದೊಳಗೆ ಒಮ್ಮೆಯಾದರೂ ಅವರು ಬಾರದಿದ್ದರೆ ಸುತ್ತು ಪೂರ್ತಿ ತಪ್ಪಿದ ಹಾಗೆ. ವಿಜಯಪುರದ ಕಡೆ ಕನ್ನಡದಲ್ಲಿ ಅಳುವವರೆಲ್ಲ ಮಾತ್ರೆಯಲ್ಲೇ ತೃಪ್ತಿಪಡಬೇಕು. ನನ್ನ ಮಂಚ ಮತ್ತೆ ಇಂಗ್ಲಿಷಿಗೆ ಮರಳುತ್ತದೆ.

ಬುಧವಾರ ಸಂಜೆಯ ಖಾಲಿ ಗಂಟೆ ಮುಗಿಸಿ ಮಾಟುಂಗಕ್ಕೆ ಹೊರಟೆ. ನನ್ನ ಕೆಲಸದ ಗೊಂದಲಗಳನ್ನು ಕೇಳುವ ಹಿರಿಯ ವಿಶ್ಲೇಷಕಿಯೊಬ್ಬರು ಅಲ್ಲಿದ್ದಾರೆ. ಎಂಬತ್ತು ದಾಟಿದ ಮರಾಠಿ ಹೆಂಗಸು, ಕಿವಿ ಮಂದ, ಬುದ್ಧಿ ಮಾತ್ರ ಇನ್ನೂ ಚೂಪು. ಸ್ಲೋ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಂಧೇರಿಯಲ್ಲಿ ಇಬ್ಬರು ಹೆಂಗಸರು ಹತ್ತಿ ನನ್ನೆದುರು ಕೂತರು. ಇಳಕಲ್ ಸೀರೆ, ತೊಡೆಯ ಮೇಲೆ ಚೀಲ. ಒಬ್ಬಾಕೆ ಮಗಳನ್ನು ಗಂಡನ ಮನೆಗೆ ಕಳಿಸಿ ಬಂದಿದ್ದಳು.

"ಮನ್ಯಾಗ ಒಬ್ಬಾಕಿನ ಕುಂತ್ರ ಉದಾಸ ಆಕ್ಕೈತ್ವಾ. ಊಟ ಸೇರವಲ್ದು. ಅಕಿ ತಲಿದಿಂಬ ನೋಡಿದ್ರ ಸಾಕು, ಕಣ್ಣೀರ ಬರ್ತಾವ."

"ಆಗದ ಇರ್ತೈತೇನ? ಹಡದ ಕಳ್ಳಲ್ಲೇನು" ಎಂದಳು ಇನ್ನೊಬ್ಬಾಕೆ.

ಕಿವಿಯೊಳಗೆ ಏನೋ ಸರಿದು ಜಾಗಕ್ಕೆ ಕೂತ ಹಾಗಾಯಿತು. ಉದಾಸ. ಅದೇ ಎರಡು ಮಾತು, ಉದಾಸ ಆಕ್ಕೈತಿ. ಈ ಹೆಂಗಸು ಸೋಮಾರಿತನದ ಮಾತು ಆಡುತ್ತಿಲ್ಲ. ಇವಳಿಗೆ ದುಃಖವಾಗಿದೆ. ಮಗಳಿಲ್ಲದ ಮನೆ ಖಾಲಿ ಹೊಡೆಯುತ್ತಿದೆ.

ಹಿಂದಿಯಲ್ಲಿ ಉದಾಸ್ ಎಂದರೇನೆಂದು ನನಗೆ ಗೊತ್ತಿರಲಿಲ್ಲವೇ? ಮರಾಠಿಯಲ್ಲಿ? ದಿನ ಬೆಳಗಾದರೆ ಯಾರೋ ಒಬ್ಬರು ನನ್ನ ಮಂಚದ ಮೇಲೆ ಆ ಮಾತು ಆಡುತ್ತಾರೆ. ಒಮ್ಮೆಯೂ ತಪ್ಪಾಗಿ ಕೇಳಿಸಿಕೊಂಡಿಲ್ಲ. ಈ ಮನುಷ್ಯ ಅದನ್ನು ಕನ್ನಡದಲ್ಲಿ ಹೇಳಿದ್ದರಿಂದ, ನಾನು ಅಷ್ಟು ಆಸೆಯಿಂದ ಕನ್ನಡ ಕೇಳುತ್ತಿದ್ದುದರಿಂದ, ಅಮ್ಮನ ಕನ್ನಡದಲ್ಲಿ ಕೇಳಿಸಿಕೊಂಡೆ. ಶನಿವಾರ ಬಂದರೆ ನಿಮ್ಮನ್ನು ಬಿಟ್ಟು ಹೋಗಬೇಕಲ್ಲ ಎಂದು ಸಂಕಟವಾಗುತ್ತದೆ, ಹೀಗೆ ಬಿಟ್ಟು ಹೋಗುವುದಾದರೆ ಯಾಕಾದರೂ ಬರಬೇಕು ಎಂದಿದ್ದರು ಅವರು. ನಾನೋ, ನೀವು ಸೋಮಾರಿ ಎಂದೆ. ಹೇಳಿ ಕಳಿಸಿಯೂ ಬಿಟ್ಟೆ.

ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಆ ಶನಿವಾರದ ಪುಟ ನೋಡಿದೆ. ನನ್ನ ಅಕ್ಷರದಲ್ಲೇ ಇತ್ತು: ಬರಲು ಉದಾಸೀನ. ಅವರು ಆಡದ ಮಾತನ್ನು ಅವರದ್ದೆಂದು ಬರೆದಿಟ್ಟಿದ್ದೆ. ತಲೆ ಎತ್ತುವಷ್ಟರಲ್ಲಿ ಮಾಟುಂಗ ರೋಡ್ ದಾಟಿಹೋಗಿತ್ತು. ದಾದರಿನಲ್ಲಿ ಇಳಿದು ವಾಪಸ್ ಬಂದೆ.

ಹಿರಿಯಾಕೆ ಎಲ್ಲ ಕೇಳಿ ನಗಲಿಲ್ಲ, ಬೈಯಲೂ ಇಲ್ಲ. ಈಗ ಏನು ಮಾಡುತ್ತಿ ಎಂದರು. ಫೋನ್ ಮಾಡಿ ಹೇಳುತ್ತೇನೆ ಎಂದೆ.

"ಮಾಡಬೇಡ. ನೀನು ಕ್ಷಮೆ ಕೇಳಿದರೆ ಅವನು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಪಾಪ, ಅವನು ದುಡ್ಡು ಕೊಟ್ಟು ಅಷ್ಟು ದೂರದಿಂದ ಬರುವುದು ನಿನ್ನ ಮನಸ್ಸಿನ ಭಾರ ಇಳಿಸಲಿಕ್ಕಲ್ಲ. ಬಂದಾಗ ಕೋಣೆಯಲ್ಲಿ ಮಾತಾಡು."

"ಬರದಿದ್ದರೆ?"

"ಬರದಿದ್ದರೆ ಬರಲಿಲ್ಲ. ನಮ್ಮ ಕೆಲಸವೇ ಹಾಗೆ."

ಆಕೆ ಹೇಳಿದ್ದು ಶಾಸ್ತ್ರಸಮ್ಮತ. ನಾನೂ ಕಲಿಯುವವರಿಗೆ ಅದನ್ನೇ ಹೇಳುತ್ತೇನೆ. ಆದರೆ ಆ ನಿಯಮ ಹುಟ್ಟಿದ್ದು ವಿಶ್ಲೇಷಕರೂ ಮಲಗುವವರೂ ಒಂದೇ ಊರಿನಲ್ಲಿದ್ದ ಕಾಲದಲ್ಲಿ. ಬರುವ ದಾರಿಯಲ್ಲಿ ಒಂದು ರಾತ್ರಿಯ ಬಸ್ಸಿದ್ದಾಗ, ಬಾರದಿರಲು ಒಂದು ತಪ್ಪು ಮಾತೇ ಸಾಕಾದಾಗ, ಸುಮ್ಮನೆ ಕೂರುವುದು ತಾಳ್ಮೆಯೋ ಜಂಬವೋ ನನಗೆ ತಿಳಿಯಲಿಲ್ಲ. ಬೊರಿವಲಿಯ ತನಕ ನಿಂತುಕೊಂಡೇ ಬಂದೆ, ಅದನ್ನೇ ಯೋಚಿಸುತ್ತಾ.

ಗುರುವಾರ ಬೆಳಗ್ಗೆ ಏಳೂವರೆಗೆ ಕುರ್ಚಿಯಲ್ಲಿ ಕೂತೆ. ಏಳೂ ನಲವತ್ತೆಂಟಕ್ಕೆ ಮೊಬೈಲ್ ತೆಗೆದು ಕನ್ನಡದಲ್ಲಿ ಟೈಪ್ ಮಾಡಿದೆ. ಕ್ಷಮಿಸಿ ಎಂದು ಮೊದಲು ಬರೆದು ಅಳಿಸಿದೆ. ಹಿರಿಯಾಕೆಯ ಮಾತಿನಲ್ಲಿ ಅಷ್ಟನ್ನು ಉಳಿಸಿಕೊಂಡೆ. ಕೊನೆಗೆ ಕಳಿಸಿದ್ದು ಇಷ್ಟು: "ಹೋದ ಸುತ್ತಿನ ಶನಿವಾರ ನೀವು ಹೇಳಿದ ಒಂದು ಮಾತನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ. ಈ ಶನಿವಾರದ ತನಕ ಬೆಳಗ್ಗೆ ಏಳೂವರೆಗೆ, ಸಂಜೆ ನಾಲ್ಕೂವರೆಗೆ ಕೋಣೆಯಲ್ಲಿ ಇರುತ್ತೇನೆ."

ಕಳಿಸಿ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರು ಊರಿನಲ್ಲಿ ಓದುತ್ತಾರೆ, ಇವತ್ತು ಬಸ್ಸು ಹತ್ತಿದರೂ ನಾಳೆ, ಇಲ್ಲವೇ ಶನಿವಾರ. ಎಣಿಸುತ್ತಾ ಕೂತಿದ್ದೆ. ಎಂಟೂ ಎರಡಕ್ಕೆ ಗೇಟಿನಿಂದ ಇಂಟರ್‌ಕಾಮ್ ಬಡಿದುಕೊಂಡಿತು.

"ಮೇಡಂ, ವೋ ಡಾಕ್ಟರ್ ಸಾಬ್ ಆಯೇ ಹೈ. ದೌಡ್ತೇ ಹುವೇ ಅಂದರ್ ಗಯೇ, ರಿಜಿಸ್ಟರ್ ಭೀ ನಹೀ ಲಿಖಾ."

ರಿಜಿಸ್ಟರು ಬರೆಯಲೂ ನಿಲ್ಲದೆ ಓಡಿ ಬಂದವರಿಗೆ ಬಾಗಿಲು ತೆರೆದೆ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ನನ್ನ ಮುಖ ನೋಡಲಿಲ್ಲ. ಶೂ ಬಿಚ್ಚಿ ಹೋಗಿ ಮಲಗಿದರು. ಏದುಸಿರು ಇಳಿಯುವ ತನಕ ಕಾದು ನಾನೇ ಶುರುಮಾಡಿದೆ.

"ಹೋದ ಸಲ ನೀವು ಉದಾಸ ಅಂದ್ರಿ. ನಾನು ಉದಾಸೀನ ಅಂತ ಕೇಳಿಸಿಕೊಂಡೆ. ನಮ್ಮ ಕಡೆ ಹಾಗೆ ಅಂದ್ರೆ ಸೋಮಾರಿತನ. ನೀವು ಹೇಳಿದ್ದು ಬೇರೆ. ತಪ್ಪು ನಂದು."

ಗಡಿಯಾರ ಎಂಟೂ ಹದಿನೆಂಟು ತೋರಿಸುವಾಗ ಅವರ ದನಿ ಬಂತು. "ಮಲಾಡ ಸ್ಟೇಷನ್ ಪೂಲಿನ ಮ್ಯಾಲೆ ಇದ್ನ್ರಿ."

ನನಗೆ ಅರ್ಥವಾಗಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ. ಎಂಟೂ ಇಪ್ಪತ್ತಾಗಿತ್ತು. "ಇವತ್ತು ಬೆಳಗ್ಗೆಯದ್ದು ಇಲ್ಲಿಗೆ ನಿಲ್ಲಿಸುವ" ಎಂದೆ. ಅಷ್ಟು ದಿನ ಕಾದು ಹದಿನೆಂಟೇ ನಿಮಿಷಕ್ಕೆ ಎಬ್ಬಿಸಿದಳಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಒಂದು ನಿಯಮ ಮುರಿದಾಗಿತ್ತು. ಅವರು ನೆಚ್ಚಿಕೊಳ್ಳಲು ಇನ್ನೊಂದಾದರೂ ನೆಟ್ಟಗೆ ಇರಬೇಕಿತ್ತು.

ಸಂಜೆ ನಾಲ್ಕೂವರೆಗೆ ಅವರು ಹೇಳಿದರು. ಭಾನುವಾರ ಎಂದಿನಂತೆ ಬಸ್ಸು ಹತ್ತಿದ್ದರು. ಸೋಮವಾರ ಎಂದಿನಂತೆ ಏಳರ ಲೋಕಲಿನಲ್ಲಿ ಮಲಾಡಿಗೆ ಬಂದು ಇಳಿದಿದ್ದರು. ಪಾದಚಾರಿ ಸೇತುವೆ ಹತ್ತಿ ನಡುವಿಗೆ ಬಂದಾಗ ಕಾಲು ಮುಂದೆ ಹೋಗಲಿಲ್ಲ. ಮಂಗಳವಾರವೂ ಬುಧವಾರವೂ ಅಷ್ಟೇ. ಬೆಳಗ್ಗೆಯೂ ಸಂಜೆಯೂ.

"ದಿನಾ ಎಣಿಸಿ ಎಣಿಸಿ ಬರಾಂವ್ರಿ ನಾ. ನಿಮ್ಮ ಕಣ್ಣಾಗ ಮೈಗಳ್ಳ ಆದ್ನೆಲ್ಲಾ ಅಂತ ನಿಮ್ಮ ಮುಂದ ಬರಾಕ ನಾಚಿಕಿ ಆತ್ರಿ. ಹಂಗಂತ ಮನ್ಯಾಗ ಕುಂದ್ರಾಕೂ ಆಗ್ಲಿಲ್ಲ. ಪೂಲಿನ ಮ್ಯಾಲೆ ಐವತ್ತು ಮಿನಿಟ್ ನಿಂತು, ಟೈಮ್ ಆತಂದ್ರ ಹೊಳ್ಳಿ ಹೋಗ್ತಿದ್ನ್ರಿ."

ನಾನು ಕುರ್ಚಿಯಲ್ಲಿ ಕೂತಿದ್ದ ಅದೇ ಐವತ್ತು ನಿಮಿಷ. ಅವರು ತಿರುಗಿ ಹೋಗುತ್ತಿದ್ದುದು ನಾನು ಏಳುತ್ತಿದ್ದ ಹೊತ್ತಿಗೇ. ನಡುವೆ ಹತ್ತು ನಿಮಿಷದ ನಡಿಗೆ, ಒಂದು ತರಕಾರಿ ಮಾರ್ಕೆಟ್ಟು, ಒಂದು ಗೇಟು. ಅವರು ಸೇತುವೆಯ ಮೇಲೆ, ನಾನು ಖಾಲಿ ಮಂಚದ ಹಿಂದೆ, ಮೂರು ದಿನ ಇಬ್ಬರೂ ಆ ಗಂಟೆಯನ್ನು ಕಾದಿದ್ದೆವು. ನನ್ನ ಕಣ್ಣು ತುಂಬಿತು. ಮಲಗಿದವರಿಗೆ ಕಾಣದ ಹಾಗೆ ಕುರ್ಚಿ ಇಡುವುದರ ಉಪಯೋಗ ನನಗೆ ಆವತ್ತು ಪೂರ್ತಿ ತಿಳಿಯಿತು. ಈ ಬರಹ ಓದಿ ಅವರು ಮಾಡಿದ ತಿದ್ದುಪಡಿ ಒಂದೇ: "ಪೂಲಂದ್ರ ನಿಮ್ಮ ಕಡೆ ಮಂದಿಗೆ ತಿಳಿಯೂದಿಲ್ರಿ, ಬ್ರಿಜ್ ಅಂತ ಹಾಕ್ರಿ." ಹಾಕಲಿಲ್ಲ. ಈ ಸಲ ಅವರ ಮಾತು ಅವರು ಆಡಿದ ಹಾಗೇ ಇರಲಿ.

ಗಂಟೆ ಮುಗಿಯುವ ಹೊತ್ತಿಗೆ ಅವರು ಒಂದು ಪ್ರಶ್ನೆ ಕೇಳಿದರು. "ನಿಮ್ಮ ಕಡೆ ಉದಾಸೀನ ಅಂದ್ರ ಮೈಗಳ್ಳತನ ಅಂದ್ರಿ. ಹಂಗಾರ ನಿಮಗ ಉದಾಸ ಆದಾಗ ಏನಂತೀರ್ರಿ?"

ಮಂಚದ ಮೇಲಿನ ಪ್ರಶ್ನೆಗೆ ನಾವು ನೇರ ಉತ್ತರ ಕೊಡುವುದಿಲ್ಲ. ನಾನು ಸುಮ್ಮನಿದ್ದೆ. ಅವರು ಅದನ್ನು ವೃತ್ತಿಯ ಮೌನ ಎಂದುಕೊಂಡಿರಬೇಕು. ನಿಜವೆಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಜಾರು ಎನ್ನಬಹುದು, ಅದು ಬಸ್ಸು ತಪ್ಪಿದರೂ ಆಗುತ್ತದೆ. ದುಃಖ ಎನ್ನಬಹುದು, ನಮ್ಮ ಮನೆಯಲ್ಲಿ ಆ ಮಾತನ್ನು ಯಾರಾದರೂ ಸತ್ತಾಗ ಮಾತ್ರ ಆಡುತ್ತಿದ್ದರು. ಇದ್ದವರು ದೂರ ಇದ್ದಾಗ ಆಗುವುದಕ್ಕೆ ನಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು? ಎಷ್ಟು ಹುಡುಕಿದರೂ ಹೊಳೆಯಲಿಲ್ಲ.

ಶುಕ್ರವಾರ ಎರಡು ಗಂಟೆ, ಶನಿವಾರ ಎರಡು ಗಂಟೆ ಆದವು. ಹನ್ನೆರಡರಲ್ಲಿ ಆರು ಸಿಕ್ಕವು, ಸುತ್ತು ಉಳಿಯಿತು. ಶನಿವಾರ ಸಂಜೆ ಅವರು ಬಹಳ ಹೊತ್ತು ಅತ್ತರು, ಕನ್ನಡದಲ್ಲೇ. ಅದರ ವಿವರ ಅವರದ್ದು. ಕೊನೆಗೆ, ಇನ್ನು ಪ್ರತಿ ಬುಧವಾರ ಬೆಳಗ್ಗೆ ಏಳೂವರೆಗೆ ಫೋನ್ ಮಾಡಿ, ನಾನು ಇದೇ ಕುರ್ಚಿಯಲ್ಲಿ ಕೂತು ಕೇಳುತ್ತೇನೆ ಎಂದೆ. ಶೂ ಹಾಕಿಕೊಂಡು, ಬಾಗಿಲಲ್ಲಿ ಒಂದು ಕ್ಷಣ ನಿಂತು, "ಬರ್ತೀನ್ರಿ ಮೇಡಂ" ಎಂದರು.

ಮರುದಿನ ಭಾನುವಾರ, ಬೊರಿವಲಿಯ ಮನೆಯಲ್ಲಿ ಕೂತು ಸಮಿತಿಗೆ ವರದಿ ಬರೆದೆ. ಅವರ ಒಪ್ಪಿಗೆ ಪಡೆದು, ಅವರ ಒಳಗಿನ ಸಂಗತಿ ಏನೂ ತಾರದೆ, ನನ್ನ ತಪ್ಪನ್ನಷ್ಟೇ ಬರೆದೆ. ವ್ಯವಸ್ಥೆ ಸೋತಿಲ್ಲ, ನಡುವಿನ ದಾರಿಯನ್ನು ಮುಚ್ಚಿದ ನನ್ನ ಹಟ ಸೋತಿದೆ ಎಂದೆ. ಸಮಿತಿ ಒಂದಿಷ್ಟು ಗೊಣಗಿ, ಬುಧವಾರದ ಫೋನಿನೊಂದಿಗೆ ಮುಂದುವರಿಸಲು ಒಪ್ಪಿತು. ಅವರು ಈಗ ಮೂರನೆಯ ವರ್ಷದಲ್ಲಿದ್ದಾರೆ. ಊರಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಒಂದು ಮಂಚ ಹಾಕಿಸಿದ್ದಾರೆ.

ಆದರೆ ವರದಿ ಬರೆಯುವಾಗ ಒಂದು ಕಡೆ ಪೆನ್ನು ನಿಂತಿತ್ತು. ಸಮಿತಿಯವರಿಗೆ ಕನ್ನಡ ಬಾರದು. ಉದಾಸ, ಉದಾಸೀನ ಎರಡಕ್ಕೂ ಇಂಗ್ಲಿಷಿನಲ್ಲಿ ಅರ್ಥ ಬರೆಯಬೇಕಿತ್ತು. ಮೊದಲನೆಯದಕ್ಕೆ ಬರೆದೆ. ಎರಡನೆಯದು ಕರಾವಳಿಯ ಬಳಕೆ, ಸೋಮಾರಿತನ ಎಂದರ್ಥ ಎಂದು ಬರೆಯುವಾಗ, ಉದಾಹರಣೆಗೆಂದು ಅಮ್ಮನ ಮಾತನ್ನು ನೆನೆಸಿಕೊಂಡೆ. ಹೊದಿಕೆ ಎಳೆದು ಬೈದದ್ದು, ಆಮೇಲೆ ಭಾನುವಾರದ ಫೋನು. ಅಮ್ಮ ಸೋಮಾರಿಯೇ? ಬೆಳಗಿನ ಜಾವ ಎದ್ದು, ಮನೆಗೆ ಬಂದ ಹತ್ತು ಜನಕ್ಕೂ ದೋಸೆ ಹೊಯ್ದು ಹಾಕುತ್ತಿದ್ದ ಹೆಂಗಸು. ಮಂಚದ ಮೇಲೆ ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಅವಳ ಬಾಯಲ್ಲಿ ಮೂವತ್ತು ವರ್ಷಕ್ಕೂ ಹಿಂದೆಯೇ ಇತ್ತು. ಇದ್ದವರು ದೂರ ಇದ್ದಾಗ ಆಗುವುದಕ್ಕೂ ನಮ್ಮ ಮನೆಯಲ್ಲಿ ಅದೇ ಮಾತು, ಉದಾಸೀನ.

ಆ ಫೋನಿನ ಮಾತನ್ನು ಮೇಲೆ ನಾನು ಪೂರ್ತಿ ಬರೆದಿಲ್ಲ. ಎಲ್ಲದಕ್ಕೂ ಉದಾಸೀನ ಆಗ್ತದೆ ಎಂದ ಮೇಲೆ ಅವಳು ಪ್ರತಿ ಸಲ ಇನ್ನೊಂದು ಮಾತು ಕೇಳುತ್ತಿದ್ದಳು. ದೇವಸ್ಥಾನಕ್ಕೆ ನಡ್ಕೊಂಡು ಹೋಗು ಎಂದು ಬೈಯುವ ಅವಸರದಲ್ಲಿ ನಾನು ಅದಕ್ಕೆ ಒಮ್ಮೆಯೂ ಸರಿಯಾಗಿ ಉತ್ತರ ಕೊಟ್ಟ ನೆನಪಿಲ್ಲ.

"ನೀನು ಯಾವಾಗ ಬರುದು?"